ದೂರ ಓಡುವ ಟೈರು

ಅವನನ್ನು ಎಲ್ಲರೂ ಬ್ರೇಕಣ್ಣ ಎನ್ನುತ್ತಿದ್ದರು. ಟೈರು ಕಾರ್ಖಾನೆಯ ಪರೀಕ್ಷಾ ರಸ್ತೆಯಲ್ಲಿ ಕಾರು ಓಡಿಸುವುದು ಅವನ ಕೆಲಸವಾಗಿತ್ತು. ಓಡಿಸುವುದು ಎನ್ನುವುದಕ್ಕಿಂತ ನಿಲ್ಲಿಸುವುದು ಎನ್ನಬೇಕು. ನೀರು ಹರಿಸಿದ ಟಾರಿನ ಮೇಲೆ ಶರವೇಗದಲ್ಲಿ ಬಂದು ಗಕ್ಕನೆ ಬ್ರೇಕ್ ಒತ್ತಿ, ಹೊಸ ಟೈರು ಎಲ್ಲಿ ಜಾರಿತು, ಎಲ್ಲಿ ಕಚ್ಚಿತು ಎಂದು ಹೇಳಬೇಕಿತ್ತು. ಆ ಕೆಲಸದಲ್ಲಿ ಅವನು ಸುಖವಾಗಿದ್ದ. ಅಂಗಿ ಬೆವರಿಗೆ ಅಂಟಿಕೊಂಡು ಕಾರಿನಿಂದ ಇಳಿದಾಗ ಮುಖದಲ್ಲಿ ಹಬೆಯಾಡುವಂಥ ನಗು ಇರುತ್ತಿತ್ತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಕಾರ್ಖಾನೆಯವರು ಆ ರಸ್ತೆಯನ್ನು ಮುಚ್ಚಿದರು. ಅದೇ ಸುಮಾರಿಗೆ ಅವನ ಮಾವ ತೀರಿಕೊಂಡು, ಅತ್ತೆಯ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಗುಡ್ಡದಾಚೆಯ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಹೆಂಡತಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಕೇಳಿದಾಗಲೆಲ್ಲ ರಜೆ ಕೊಡುವ ಸಾಹೇಬರು ಅಲ್ಲಿರಲಿಲ್ಲ. ಕೈ ಖಾಲಿ ಇದ್ದವನು ಇವನೊಬ್ಬನೇ. "ಸ್ವಲ್ಪ ದಿನ" ಎಂದು ಗಂಡ ಹೆಂಡತಿ ಅತ್ತೆಯ ಮನೆಗೆ ಬಂದರು. ಆ ಸ್ವಲ್ಪ ದಿನ ವರ್ಷಗಳಾಗಿ ಬೆಳೆದು, ಬ್ರೇಕಣ್ಣ ಮನೆಯಳಿಯನಾಗಿಬಿಟ್ಟ.

ಎಲೆಕ್ಟ್ರಿಕ್ ಕಾರನ್ನು ಆರಿಸಿದ್ದು ಹೆಂಡತಿ. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟರೆ ಆಸ್ಪತ್ರೆಗೆ ಹೋಗಿ ಬರುವುದಕ್ಕೆ ಸರಿಯಾಗಿ ಸಾಲುತ್ತಿತ್ತು, ಅಷ್ಟೇ. ಆಸ್ಪತ್ರೆಯ ಅಂಗಳದಲ್ಲಿದ್ದ ಒಂದೇ ಒಂದು ಚಾರ್ಜರ್ ಕೆಟ್ಟು ಕೂತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಬ್ರೇಕಣ್ಣನ ಕಣ್ಣು ರಸ್ತೆಗಿಂತ ಬ್ಯಾಟರಿಯ ಅಂಕಿಯ ಮೇಲೇ ಹೆಚ್ಚು. ಎ.ಸಿ. ಹಾಕಿದರೆ ಅಂಕಿ ಇಳಿಯುತ್ತದೆ, ಲಾರಿಯನ್ನು ಹಿಂದೆ ಹಾಕಿದರೆ ಇಳಿಯುತ್ತದೆ, ಮನಸ್ಸು ಬಂದಂತೆ ಕಾಲು ಒತ್ತಿದರಂತೂ ಕೇಳುವುದೇ ಬೇಡ. ಸೈಕಲ್ಲಿನವರು ಕೂಡ ತನ್ನನ್ನು ದಾಟಿ ಹೋಗುತ್ತಾರೇನೋ ಎಂಬ ಭಯದಲ್ಲಿ ಅವನು ಗುಡ್ಡ ಹತ್ತಿ ಇಳಿಯುತ್ತಿದ್ದ.

ಕಾರಿನ ತೂಕಕ್ಕೆ ಟೈರುಗಳು ಬೇಗ ಸವೆದವು. ಹೊಸದು ಕೊಳ್ಳಲು ಅವನು ಹಳೆಯ ಸಹೋದ್ಯೋಗಿಯೊಬ್ಬನ ಅಂಗಡಿಗೆ ಹೋದ.

"ನಿನಗೆ ನಾನು ಹೇಳ್ಕೊಡ್ಬೇಕಾ?" ಎಂದ ಅಂಗಡಿಯವನು. "ಇದು ಗಟ್ಟಿ, ಹಗುರವಾಗಿ ಉರುಳುತ್ತೆ, ಚಾರ್ಜ್ ಉಳಿಯುತ್ತೆ. ಒದ್ದೆ ರಸ್ತೇಲಿ ಮಾತ್ರ ಸ್ವಲ್ಪ ಹುಷಾರು. ಇದು ಮೆತ್ತಗೆ, ರಸ್ತೇನ ಉಡದ ಹಾಗೆ ಹಿಡ್ಕೊಳ್ಳುತ್ತೆ, ಆದ್ರೆ ಬ್ಯಾಟರಿ ಕುಡಿದುಬಿಡುತ್ತೆ."

"ಎರಡರ ಮಧ್ಯದ್ದು ಅಂತ ಮಾರ್ತಾರಲ್ಲ?"

"ಅದು ಗಟ್ಟಿದೇ, ಹೆಸರು ಬೇರೆ. ಅಳಿಯ ಅಲ್ಲ, ಮಗಳ ಗಂಡ."

ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: "ರೀ, ದೂರ ಓಡೋ ಟೈರೇ ಹಾಕ್ಸಿ. ಬೇರೆ ಯೋಚನೆ ಮಾಡ್ಬೇಡಿ." ಬ್ರೇಕಣ್ಣ ಮೆತ್ತನೆಯ ಟೈರನ್ನು ಉಗುರಿನಿಂದ ಒತ್ತಿ ನೋಡಿದ, ಮೂಸಿ ನೋಡಿದ. ಅಷ್ಟರಲ್ಲಿ ಅಂಗಡಿಯವನು ಇನ್ನೊಂದು ಮಾತು ಹೇಳಿದ. ಬೇರೊಂದು ಕಂಪನಿ ದೂರದ ಊರಿನಲ್ಲಿ ಹೊಸ ಪರೀಕ್ಷಾ ರಸ್ತೆ ಮಾಡಿದೆಯಂತೆ, ಅನುಭವಸ್ಥರು ಬೇಕಂತೆ, ಇವನ ಹೆಸರನ್ನು ಯಾರೋ ಹೇಳಿದ್ದಾರಂತೆ. "ಹೋಗ್ತೀಯಾ?"

"ನೋಡ್ತೀನಿ" ಎಂದ ಬ್ರೇಕಣ್ಣ. ನೋಡುವುದಕ್ಕೆ ಏನೂ ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಮೆತ್ತನೆಯ ಟೈರುಗಳನ್ನೇ ಹಾಕಿಸಿದ.

ಮನೆಯಲ್ಲಿ ಹೆಂಡತಿ ಕೆಂಡವಾದಳು. ಅವನು, "ಮಳೆಗಾಲ ಬರ್ತಿದೆ, ಗುಡ್ಡದ ತಿರುವು ಬೇರೆ. ಅತ್ತೆ ಜೀವಕ್ಕಿಂತ ಚಾರ್ಜ್ ದೊಡ್ಡದಾ?" ಎಂದು ಅವಳ ಬಾಯಿ ಮುಚ್ಚಿಸಿದ. ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅತ್ತೆಯನ್ನು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗಿಸಿ ಬಂದ ಮೇಲೆ ಅವನು ಊರಾಚೆಯ ಖಾಲಿ ರಸ್ತೆಯಲ್ಲಿ ಎರಡು ಸುತ್ತು ಜೋರಾಗಿ ಓಡಿಸಿದ. ತಿರುವಿನಲ್ಲಿ ಕಾರು ನೆಲಕ್ಕೆ ಕಚ್ಚಿಕೊಂಡಿತು. ಮರಳಿ ಬರುವಾಗ ಅದರ ಸುಂಕವೆಂಬಂತೆ ಕಿಟಕಿ ತೆರೆದು, ಎ.ಸಿ. ಆರಿಸಿ, ಆಮೆಯಂತೆ ಬಂದ. ಹೀಗೇ ಕೆಲವು ವಾರ ನಡೆಯಿತು.

ಒಂದು ದಿನ ವಾಪಸು ಬರುವಾಗ ಸೇತುವೆಯ ರಿಪೇರಿ ಎಂದು ದಾರಿ ಮುಚ್ಚಿದ್ದರು. ಸುತ್ತು ದಾರಿ ಹಿಡಿಯಬೇಕಾಯಿತು. ಎದುರು ಗಾಳಿ, ಕೆಂಡದಂಥ ಬಿಸಿಲು. ಅಂಕಿ ಕಣ್ಣೆದುರೇ ಕರಗುತ್ತ ಬಂತು. ಪೀಠೋಪಕರಣಗಳ ಗೋದಾಮಿನ ಹಿಂದೆ ಒಂದು ಚಾರ್ಜರ್ ಸಿಕ್ಕಿತು. ಅಲ್ಲಿ ಆಗಲೇ ಬೇರೊಂದು ಕಾರು ನಿಂತಿತ್ತು, ಅದರ ಒಡೆಯ ನಾಪತ್ತೆ. ನೆರಳೆಂದರೆ ಗೋದಾಮಿನ ಗೋಡೆಯದಷ್ಟೇ. ಬ್ರೇಕಣ್ಣ ಆ ನೆರಳಿನಲ್ಲಿ ಕಾರು ನಿಲ್ಲಿಸಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟ.

ಅತ್ತೆ ಹಿಂದಿನ ಸೀಟಿನಲ್ಲಿ ಒರಗಿದ್ದರು. ಅವರು ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಈಗ ಇಡೀ ದಿನಕ್ಕೆ ಎಷ್ಟು ಗುಟುಕು ನೀರು ಕುಡಿಯಬಹುದು ಎಂಬ ಲೆಕ್ಕವೊಂದೇ ಉಳಿದಿತ್ತು.

"ಅಳಿಯಂದ್ರೇ, ಈ ಟೈರು ನನ್ನ ಜೀವಕ್ಕೆ ಅಂತ ಹಾಕ್ಸಿದ್ದಲ್ಲ, ಅಲ್ವಾ?"

ಅವನು ಬಾಗಿಲಿನ ಅಂಚಿನ ಧೂಳು ಒರೆಸತೊಡಗಿದ.

"ನನ್ನನ್ನ ಒಳಗೆ ಬಿಟ್ಟು ನೀವು ಎಲ್ಲೋ ಹೋಗಿ ಬರ್ತೀರಿ. ಬಂದಾಗ ಮುಖ ಬೇರೆ ಇರುತ್ತೆ. ಮೊದಲು ಯಾರೋ ಹೆಂಗಸು ಇರ್ಬೇಕು ಅಂದ್ಕೊಂಡೆ."

ಬ್ರೇಕಣ್ಣನಿಗೆ ನಗು ಬಂತು. ನಗು ಬಂದದ್ದರಿಂದಲೇ ಬಾಯಿ ಬಿಟ್ಟ. ಖಾಲಿ ರಸ್ತೆಯ ವಿಷಯ ಹೇಳಿದ, ದೂರದ ಊರಿನ ಕೆಲಸದ ವಿಷಯವನ್ನೂ ಹೇಳಿದ. ಹೆಂಡತಿಗೆ ಹೇಳದೆ ಉಳಿಸಿಕೊಂಡ ಮಾತು ಅತ್ತೆಯ ಎದುರು ಹೊರಬಂತು.

ಅತ್ತೆ ಗೋದಾಮಿನ ಗೋಡೆಯ ಕಡೆಗೆ ತಿರುಗಿ, "ನಾನು ಹೋಗ್ಬಿಟ್ರೆ ನಿಮಗೆ ಬಿಡುಗಡೆ ಅಂತ ಯಾವತ್ತಾದ್ರೂ ಅನ್ಸಿದ್ಯಾ?" ಎಂದರು.

"ಅನ್ಸಿದೆ ಅತ್ತೆ."

"ನನಗೂ ಅನ್ಸಿದೆ. ನನ್ನನ್ನ ಯಂತ್ರಕ್ಕೆ ಕಟ್ಟಿದಾರೆ, ನಿಮ್ಮನ್ನ ನನಗೆ ಕಟ್ಟಿದಾರೆ." ಅವರು ಸೆರಗಿನಿಂದ ಕತ್ತು ಒರೆಸಿಕೊಂಡರು. "ಹೋಗಿ, ಆ ಕೆಲಸಕ್ಕೆ ಸೇರ್ಕೊಳ್ಳಿ ಅಂತ ನಾನು ಹೇಳ್ಬೇಕು. ಆದ್ರೆ ಹೇಳಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನೀವು ಹೋದ್ರೆ ನನ್ನನ್ನ ಕರ್ಕೊಂಡು ಹೋಗೋರು ಯಾರು?"

ಅದಾದ ಸ್ವಲ್ಪ ಹೊತ್ತಿಗೆ ಅವರ ಮಾತು ತೊದಲತೊಡಗಿತು, ಹಣೆಯ ಮೇಲೆ ತಣ್ಣನೆಯ ಬೆವರು. ಡಯಾಲಿಸಿಸ್ ಆದ ದಿನ ರಕ್ತದೊತ್ತಡ ಹೀಗೆ ಕುಸಿಯಬಹುದು ಎಂದು ನರ್ಸ್ ಎಚ್ಚರಿಸಿದ್ದಳು. ಬ್ರೇಕಣ್ಣ ಅವರನ್ನು ಮಲಗಿಸಿ, ಕಾಲುಗಳನ್ನು ತನ್ನ ಹೆಗಲ ಮೇಲೆ ಎತ್ತಿಟ್ಟುಕೊಂಡು, ಆಸ್ಪತ್ರೆಗೆ ಫೋನ್ ಮಾಡುತ್ತ, ನಡುವೆ ಗೋದಾಮಿನವರನ್ನು ಕೂಗುತ್ತ ನಿಂತ. ಕೆಲಸಗಾರರಿಬ್ಬರು ಓಡಿ ಬಂದರು. ಇವನ ಬ್ಯಾಟರಿಯಲ್ಲಿ ಅರ್ಧ ದಾರಿಗೂ ಸಾಲುವಷ್ಟು ಇರಲಿಲ್ಲ. ಕೊನೆಗೆ ಗೋದಾಮಿನ ಡೀಸೆಲ್ ವ್ಯಾನಿನಲ್ಲಿ, ಹೊಸ ಮಂಚಗಳ ನಡುವೆ ಅತ್ತೆಯನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಮರಳಿದರು. ಎರಡು ದಿನದಲ್ಲಿ ಅವರು ಚೇತರಿಸಿಕೊಂಡರು.

ಹೆಂಡತಿ ಕೂಗಾಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, "ಅಮ್ಮ ಎಲ್ಲಾ ಹೇಳಿದ್ಳು" ಎಂದಳು. "ಕೆಲಸದ ವಿಷಯ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗಿ ಅಂದುಬಿಟ್ಟಿದ್ರೆ? ಬೇಡ ಅಂದಿದ್ರೆ? ಎರಡೂ ಕಷ್ಟ."

ಅವಳು ಮೂಗು ಒರೆಸಿಕೊಂಡು, ತನಗೂ ಲೈಸೆನ್ಸ್ ಇದೆ, ಓಡಿಸುವ ರೂಢಿ ತಪ್ಪಿಹೋಗಿದೆ, ಮತ್ತೆ ಕಲಿಸಿ ಎಂದಳು. ಶನಿವಾರ ಕಚೇರಿಗೆ ರಜೆ; ಆ ದಿನ ಅಮ್ಮನನ್ನು ತಾನೇ ಕರೆದೊಯ್ಯುತ್ತೇನೆ. ಆದರೆ ದಾರಿಯಲ್ಲಿ ನಿಲ್ಲುವ ಭಯ ತನಗೆ ಬೇಡ, ಟೈರು ಬದಲಾಯಿಸಿಬಿಡಿ.

ಬ್ರೇಕಣ್ಣ ದೂರದ ಕೆಲಸ ಬೇಡವೆಂದು ಅಂಗಡಿಯವನಿಗೆ ಹೇಳಿ, ಗಟ್ಟಿ ಟೈರುಗಳನ್ನು ಹಾಕಿಸಿದ. ಅಂಗಡಿಯವನು ಒಂದೂ ಜೋಕು ಮಾಡಲಿಲ್ಲ. ಹೆಂಡತಿಗೆ ತಿರುವುಗಳಲ್ಲಿ ಮೊದಲೇ ವೇಗ ಇಳಿಸುವುದನ್ನು, ಮುಂದಿನ ವಾಹನದಿಂದ ದೂರ ಇರುವುದನ್ನು ಅವನು ಬೇಸರವಿಲ್ಲದೆ ಕಲಿಸಿದ.

ಅವಳು ಮೊದಲ ಸಲ ಅಮ್ಮನನ್ನು ಕೂರಿಸಿಕೊಂಡು ತಾನೇ ಕಾರು ತೆಗೆದ ಶನಿವಾರ, ಅವನಿಗೆ ಎಷ್ಟೋ ಕಾಲದ ನಂತರ ಒಂದು ದಿನ ಪೂರ್ತಿ ಸಿಕ್ಕಿತು. ಬಸ್ ನಿಲ್ದಾಣದವರೆಗೆ ನಡೆದ. ಬಸ್ಸುಗಳು ಬಂದವು, ಹೋದವು. ಯಾವುದನ್ನು ಹತ್ತಬೇಕೆಂದು ತೋಚಲಿಲ್ಲ. ಮನೆಗೆ ಬಂದು ಪೇಪರ್ ಹಿಡಿದು ಕೂತ. ಮಧ್ಯಾಹ್ನ ಮೋಡ ಕವಿದು ಹನಿ ಬಿದ್ದಾಗ ಎದ್ದು ಹೊರಗೆ ಬಂದು, ರಸ್ತೆ ಎಷ್ಟು ಒದ್ದೆಯಾಗಿದೆ ಎಂದು ಚಪ್ಪಲಿ ಉಜ್ಜಿ ನೋಡಿದ. ಫೋನ್ ಮಾಡಿದರೆ ಓಡಿಸುತ್ತಿರುವವಳ ಗಮನ ಚೆದುರುತ್ತದೆ. ಮಾಡದಿದ್ದರೆ ಇವನಿಗೆ ಸಮಾಧಾನವಿಲ್ಲ. ಬಾಗಿಲಿಗೂ ಗೇಟಿಗೂ ಓಡಾಡುತ್ತ ಸಂಜೆ ಮಾಡಿದ.

ಇಬ್ಬರೂ ಸುಖವಾಗಿ ಬಂದರು. "ಇನ್ನೂ ಎಷ್ಟೊಂದು ಚಾರ್ಜ್ ಉಳಿದಿದೆ ನೋಡ್ರೀ!" ಎಂದು ಹೆಂಡತಿ ಕುಣಿಯುವವಳಂತೆ ಒಳಗೆ ಹೋದಳು. ಅತ್ತೆ ಅವನ ತೋಳು ಹಿಡಿದು ಇಳಿಯುತ್ತ, "ಎಲ್ಲಿಗೆ ಹೋಗಿದ್ರಿ ಇವತ್ತು?" ಎಂದು ಮೆಲ್ಲಗೆ ಕೇಳಿದರು.

"ಎಲ್ಲಿಗೂ ಇಲ್ಲ ಅತ್ತೆ."

ಅವರು ತಲೆಯಾಡಿಸಿ ಮೆಟ್ಟಿಲು ಹತ್ತಿದರು. ಬ್ರೇಕಣ್ಣ ಕಾರಿನೊಳಗೆ ಕೂತ. ಹೆಂಡತಿ ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದರಿಂದ ಅವನ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು. ಸೋಮವಾರಕ್ಕೆ ಬೇಕಾಗುತ್ತದೆಂದು ಸೀಟನ್ನು ತನ್ನ ಅಳತೆಗೆ ಹಿಂದೆ ಸರಿಸಿ, ಇಳಿದು, ಚಾರ್ಜಿಗೆ ಹಾಕಿದ.