ಬೆಚ್ಚಗಿದ್ದ ಪೊಟ್ಟಣ

ಎರಡು ವರ್ಷದ ಹಿಂದೆ, ನಾನು ಎಂ.ಟೆಕ್ ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗ ನಡೆದದ್ದು. ಶಾಖ ತಾಗಿದರೆ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಎಷ್ಟು ದುರ್ಬಲವಾಗುತ್ತದೆ ಎನ್ನುವುದು ನನ್ನ ಪ್ರಾಜೆಕ್ಟ್. ಡಿಸ್ಕಿನ ಸುತ್ತ ಕೊಲಾಜನ್ ಎಂಬ ಗಟ್ಟಿ ನಾರಿನ ಪದರಗಳಿರುತ್ತವೆ. ತೀರಾ ಬಿಸಿಯಾದರೆ ಆ ನಾರು ಮುದುಡಿ ಬಿಗಿ ಕಳೆದುಕೊಳ್ಳುತ್ತದೆ. ಕುರಿಯ ಡಿಸ್ಕುಗಳಲ್ಲಿ ಅರ್ಧವನ್ನು ಬಿಸಿನೀರಿನಲ್ಲಿಟ್ಟು, ಉಳಿದರ್ಧವನ್ನು ಹಾಗೇ ಬಿಟ್ಟು, ಎರಡನ್ನೂ ಯಂತ್ರದಲ್ಲಿ ಎಳೆದು ಹೋಲಿಸಬೇಕಿತ್ತು.

ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಹೊರಮಾವಿನಿಂದ ಬಸ್ ಹಿಡಿದು ಮೊದಲ ದಿನ ಶಿವಾಜಿನಗರದ ಮಟನ್ ಅಂಗಡಿಗೆ ಹೋದಾಗ, ರಕ್ತ ಕಂಡು ದುಪಟ್ಟಾದಿಂದ ಮೂಗು ಮುಚ್ಚಿಕೊಂಡೆ. ಬೆನ್ನುಮೂಳೆ ಬೇಕು, ಕಾಲೇಜಿಗೆ ಎಂದಷ್ಟೇ ಹೇಳಿದೆ. ಅಂಗಡಿಯ ರಹಮತ್ ಸಾಹೇಬರಿಗೆ ನಮ್ಮ ತಂದೆಯ ವಯಸ್ಸು. ಅವರು ನಕ್ಕು, "ನಾಳೆ ಬನ್ನಿ ಮೇಡಂ. ರೆಡಿ ಮಾಡಿ ಕವರಲ್ಲಿ ಇಟ್ಟಿರ್ತೀನಿ" ಎಂದರು.

ಮರುದಿನದಿಂದ ಪೊಟ್ಟಣ ಸಿಗತೊಡಗಿತು. ಆದರೆ ಪ್ರಯೋಗ ಕೈಕೊಟ್ಟಿತು. ಬಿಸಿ ಮಾಡಿದ್ದೂ ಮಾಡದ್ದೂ ಒಂದೇ ಥರ ಸಡಿಲ! ಗೈಡ್ ಮೇಡಂ, "ಹೀಗೇ ಆದ್ರೆ ಸಬ್ಮಿಟ್ ಮಾಡೋಕಾಗಲ್ಲ ಕಣಮ್ಮ. ಒಂದು ವರ್ಷ ಹೋಗ್ಬಿಡುತ್ತೆ" ಎಂದುಬಿಟ್ಟರು.

ನಾನು ಮೊದಲೇ ಅನುಮಾನದ ಪ್ರಾಣಿ. ಮೊದಲು ಯಂತ್ರವನ್ನು ಶಂಕಿಸಿದೆ. ಆಮೇಲೆ ಲ್ಯಾಬಿನ ಗೆಳತಿ ಕವಿತಾ ಸ್ಯಾಂಪಲ್ ಅದಲುಬದಲು ಮಾಡುತ್ತಿರಬಹುದೆಂದು ಶಂಕಿಸಿ ಡಬ್ಬಿಗೆ ಬೀಗ ಹಾಕಿದೆ. "ಏನೇ, ಒಡವೆ ಇಟ್ಟಿದ್ಯಾ?" ಎಂದು ಅವಳು ಕಿಚಾಯಿಸಿದಳು. ಕೊನೆಗೆ ಉಳಿದವರು ಸಾಹೇಬರು. ಮೊದಲ ದಿನ ಕಂಡ ಮೂಳೆ ಕೆಂಪಗಿತ್ತು, ನನಗೆ ಕೊಡುತ್ತಿದ್ದದ್ದು ಬಿಳಿಚಿಕೊಂಡಿತ್ತು. ಹಳೇ ಮಾಲೇ ಇರಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ! ಒಂದು ದಿನವಂತೂ ಪೊಟ್ಟಣ ಬೆಚ್ಚಗಿತ್ತು. ಬಿಸಿಲಲ್ಲಿ ಬಿದ್ದಿದ್ದನ್ನು ಕಟ್ಟಿಕೊಟ್ಟಿದ್ದಾರೆ ಎಂದುಕೊಂಡೆ. ಏನೂ ಗೊತ್ತಿಲ್ಲದವಳೆಂದು ಕಿವಿ ಮೇಲೆ ಹೂವಿಡುತ್ತಿದ್ದಾರೆ ಎಂದು ಮೈ ಉರಿಯಿತು. ಅವರ ನಗು ಕೂಡ ನಾಟಕವೆನಿಸಿತು.

ಕಣ್ಣಾರೆ ಕಂಡು ಹಿಡಿಯಲೆಂದು ಒಂದು ಬೆಳಿಗ್ಗೆ ಬೇಗ ಹೋಗಿ ಎದುರಿನ ಟೀ ಅಂಗಡಿಯ ಕಂಬದ ಮರೆಯಲ್ಲಿ ನಿಂತೆ. ಸಾಹೇಬರು ಆಗತಾನೇ ಕಡಿದ, ಕೆಂಪಗಿದ್ದ ಬೆನ್ನುಮೂಳೆಯನ್ನು ಎತ್ತಿ, ಕುದಿಯುತ್ತಿದ್ದ ನೀರಿನ ಪಾತ್ರೆಗೆ ಹಾಕಿದರು!

"ಏನ್ ಮಾಡ್ತಿದ್ದೀರಾ?" ಎಂದು ಕಿರುಚುತ್ತಾ ಓಡಿದೆ.

"ಅಲ್ಲಾ, ಹೆದರಿಸಿಬಿಟ್ರಲ್ಲ ಮೇಡಂ! ಕ್ಲೀನ್ ಮಾಡ್ತಿದೀನಿ. ಅವತ್ತು ರಕ್ತ ನೋಡಿ ಮೂಗು ಮುಚ್ಕೊಂಡ್ರಲ್ಲ, ಅದಕ್ಕೇ ದಿನಾ ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಕೊಡ್ತೀನಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾನು ಲ್ಯಾಬಿನಲ್ಲಿ ಮಾಡಬೇಕಾದ್ದು ಇವರ ಪಾತ್ರೆಯಲ್ಲೇ ಮುಗಿದುಹೋಗುತ್ತಿತ್ತು. ಆಗ ಮೊದಲ ಬಾರಿಗೆ ಪ್ರಾಜೆಕ್ಟ್ ಏನೆಂದು ವಿವರಿಸಿದೆ. ಅವರು ಹಣೆ ಚಚ್ಚಿಕೊಂಡರು.

"ಮೊದಲೇ ಹೇಳ್ಬಾರದಾ ಬೇಟಾ? ಮಟನ್ ಬೇಡ, ಬರೀ ಬೆನ್ನುಮೂಳೆ ಒಯ್ತೀರ. ಪಕ್ಕದ ಅಂಗಡಿಯೋರು, ಆ ಹುಡುಗಿ ಮಾಟ ಮಾಡ್ತಾಳೆ, ಕೊಡ್ಬೇಡಿ ಅಂತಿದ್ರು. ಕಾಲೇಜಿಗೆ ಅಂದಿದ್ದಾರೆ ಅಂದ್ರೆ ಕಾಲೇಜಿಗೇ ಅಂತ ಬೈದು ಕಳಿಸ್ದೆ."

ಅಂದು ರಕ್ತ ತೊಟ್ಟಿಕ್ಕುವ ಮೂಳೆಯನ್ನೇ ಮೂಗು ಮುಚ್ಚದೆ ಒಯ್ದೆ. ಬಿಸಿ ತಾಗದ ಡಿಸ್ಕ್ ಯಂತ್ರದಲ್ಲಿ ಗಟ್ಟಿಯಾಗಿ ನಿಂತಿತು. ಬಿಸಿ ಮಾಡಿದ್ದು ಸಡಿಲವಾಯಿತು. ಪ್ರಾಜೆಕ್ಟ್ ಸಮಯಕ್ಕೆ ಮುಗಿಯಿತು.

ಅನುಮಾನದ ಬುದ್ಧಿ ನನ್ನಿಂದ ಪೂರ್ತಿ ಹೋಗಿಲ್ಲ. ಆದರೆ ಈಗ ಕಂಬದ ಮರೆಗೆ ಹೋಗುವ ಮೊದಲು ನೇರವಾಗಿ ಕೇಳುತ್ತೇನೆ. ಸಾಹೇಬರನ್ನು ನೆನೆದರೆ ಇಂದಿಗೂ ಕಣ್ಣು ತುಂಬುತ್ತದೆ. ನನ್ನನ್ನು ಮಾಟಗಾತಿ ಎಂದವರ ಮಾತು ನಂಬದೆ, ನನಗೋಸ್ಕರ ದಿನಾ ನೀರು ಕಾಯಿಸಿದವರು ಅವರು.