ಬಾಗಿಲ ಹಿಂದೆ ನಿಲ್ಲದ ಕೋಲು

ಬೆಳಗಿನ ಐದೂವರೆ. ಜಯನಗರದ ಪಾರ್ಕೊಂದರ ಹೊರಗೆ, ಫುಟ್‌ಪಾತಿನ ಮೇಲೆ, ಪುಟ್ಟ ಗ್ಯಾಸ್ ಒಲೆಯ ನೀಲಿ ಉರಿ. ಲಕ್ಕಪ್ಪ ಬೆತ್ತವನ್ನು ಅದರ ಮೇಲೆ ಮೆಲ್ಲಗೆ ತಿರುಗಿಸುತ್ತಿದ್ದಾರೆ. ಕಾದ ಬೆತ್ತ ನಿದ್ದೆಗಣ್ಣಿನ ಮಗುವಿನ ಹಾಗೆ ಅವರ ಕೈಯಲ್ಲಿ ಬಾಗುತ್ತದೆ. ವಾಕಿಂಗಿನವರು ಮಂಜಿನೊಳಗಿಂದ ಬಂದು ಮಂಜಿನೊಳಕ್ಕೇ ಹೋಗುತ್ತಾರೆ. ಲಕ್ಕಪ್ಪ ಅವರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ.

ಬಾಗಲಕೋಟೆ ಕಡೆಯ ಇವರಿಗೆ ಐವತ್ತೆಂಟು ವಯಸ್ಸು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ. ಬೆತ್ತದ ಕುರ್ಚಿ ಹೆಣೆಯುತ್ತಿದ್ದ ಅಂಗಡಿ ಮುಚ್ಚಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಊರುಗೋಲು ಮಾಡುವುದೇ ಕಸುಬು. ದಿನಕ್ಕೆ ಎರಡು ಕೋಲು. ಮೂರನೆಯದಕ್ಕೆ ಸುಟ್ಟ ಬೆರಳುಗಳು ಒಪ್ಪುವುದಿಲ್ಲ. ಮಳೆ ಬಂದರೆ ಒಲೆ ಹೊತ್ತುವುದಿಲ್ಲ, ಆ ದಿನ ಹೋದಂತೆಯೇ.

ಪಕ್ಕದ ಸ್ಟೂಲಿನಲ್ಲಿ ಕೂತಿರುವವಳು ರಮ್ಯ. ಎಂಟು ವರ್ಷದಿಂದ ಕೋಡ್ ಬರೆಯುತ್ತಿರುವ ಎಂಜಿನಿಯರ್, ಈಗ ಬಳಸುವವರಿಗೆ ಒಗ್ಗುವಂತೆ ಆ್ಯಪ್ ರೂಪಿಸುವ ಪ್ರಾಡಕ್ಟ್ ಡಿಸೈನ್ ಕಲಿಯುತ್ತಿದ್ದಾಳೆ. ಕೋರ್ಸಿಗೂ ಸೇರಿದ್ದಾಳಂತೆ. ಆದರೆ ಪಾಠ ತಲೆಗೆ ಹತ್ತಿದ್ದು ಈ ಫುಟ್‌ಪಾತಿನಲ್ಲಿ, ಅದೂ ಅಜ್ಜಿಯ ದೆಸೆಯಿಂದ.

ಅಜ್ಜಿ ಅಂಜನಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ನಾಲ್ಕು ತಿಂಗಳು ಗೇಟು ದಾಟಲಿಲ್ಲ. ಹೀಗೇ ಕೂತರೆ ಕಾಲು ಶಾಶ್ವತವಾಗಿ ಸೋಲುತ್ತದೆ ಎಂದು ಡಾಕ್ಟರ್ ಹೆದರಿಸಿದರು.

"ಟಾರ್ಚು, ಅಲಾರಂ, ಮಡಚೋ ಸೀಟು, ಎಲ್ಲಾ ಇರೋ ಕೋಲು ಆನ್‌ಲೈನಲ್ಲಿ ತರಿಸ್ದೆ ಸಾರ್. ಅಜ್ಜಿ ಮುಟ್ಲೇ ಇಲ್ಲ" ಎಂದು ಲಕ್ಕಪ್ಪನ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾಳೆ ರಮ್ಯ.

ಆಮೇಲೆ ಲಕ್ಕಪ್ಪ ನೇರ ಹಿಡಿಯ ಹಗುರ ಕೋಲೊಂದನ್ನು ಮಾಡಿಕೊಟ್ಟರು. ಅದೂ ಬಾಗಿಲ ಹಿಂದೆ ಸೇರಿತು.

"ಎತ್ತರ ಕೇಳಿದ್ನಿ, ತೂಕ ಕೇಳಿದ್ನಿ. ಮುಂಜಾನೆ ಎದ್ದು ಎಲ್ಲಿಗಿ ಹೋಗ್ತಿದ್ರಿ ಅಂತ ಕೇಳಲೇ ಇಲ್ರೀ. ತಪ್ಪು ನಂದು" ಎನ್ನುತ್ತಾರೆ ಲಕ್ಕಪ್ಪ.

ಅದು ತಿಳಿದ ಮರುದಿನ ನಸುಕಿನಲ್ಲೇ ಹೋಗಿ ಅಜ್ಜಿಯ ಮನೆ ಮೆಟ್ಟಿಲ ಮೇಲೆ ಸುಮ್ಮನೆ ಕೂತರು. ಅಂಜನಮ್ಮ ಖಾಲಿ ಪ್ಲಾಸ್ಟಿಕ್ ಕವರ್ ಹಿಡಿದು ಗೇಟಿನ ತನಕ ಬಂದರು. ಪಕ್ಕದ ಮನೆ ಕಾಂಪೌಂಡಿನಿಂದ ಹೊರಚಾಚಿದ ಕಣಗಿಲೆ ಕೊಂಬೆಯನ್ನೇ ನೋಡುತ್ತ ನಿಂತರು. ಕತ್ತಲು ಹರಿದು, ಹೂಗಳು ಒಂದೊಂದಾಗಿ ಬಣ್ಣ ಪಡೆಯುವವರೆಗೂ ನಿಂತೇ ಇದ್ದರು.

ಪೂಜೆಗೆ ಊರ ಹೂವೆಲ್ಲ ನಮ್ಮದೇ ಎನ್ನುವ ಜಯನಗರದ ಹಿರಿಯರ ಪೈಕಿ ಈ ಅಜ್ಜಿಯೂ ಒಬ್ಬರು! ಲಕ್ಕಪ್ಪ ಹೊಸ ಕೋಲಿನ ಹಿಡಿಯನ್ನು ಕೊಕ್ಕೆಯಂತೆ ಬಾಗಿಸಿಕೊಟ್ಟರು. ಕಾಂಪೌಂಡಿಗೆ ಒರಗಿ ನಿಂತು, ತಿರುಗಿಸಿ ಹಿಡಿದರೆ ಕೊಂಬೆ ಕೈಗೆ ಬರುತ್ತದೆ. ಮೂರನೇ ದಿನ ಅಂಜನಮ್ಮ ಗೇಟು ದಾಟಿದರು.

"ನಿಮ್ಮ ಕಂಪ್ಯೂಟರ್ ಕೆಲಸ ನನಗ ತಿಳಿಯೂದಿಲ್ಲವ್ವ. ಆದ್ರ ಮೊದಲ ಕೈಕಟ್ಟಿ ಕುಂಡ್ರು. ಮಂದಿಗೆ ಎಲ್ಲಿಗಿ ಹೋಗೂದೈತಿ ನೋಡು. ಬೆತ್ತ ಆಮ್ಯಾಲ ಕಾಸೂನು" ಎಂದು ರಮ್ಯಳಿಗೆ ಹೇಳುತ್ತಾರೆ.

ಈಗ ಅವಳು ಕೋಡ್ ಬರೆಯುವ ಮೊದಲು ಆ್ಯಪ್ ಬಳಸುವವರ ಪಕ್ಕ ಎರಡು ದಿನ ಕೂತು ಬರುತ್ತಾಳೆ. "ಸುಮ್ನೆ ಕೂರೋದೇ ಸಖತ್ ಕಷ್ಟ ಸಾರ್. ಕೈ ಕೀಬೋರ್ಡಿಗೇ ಹೋಗುತ್ತೆ."

ಅಷ್ಟರಲ್ಲಿ ಕಣಗಿಲೆ ಗಿಡದ ಒಡತಿ ಕಮಲಾದೇವಿ ದಾಪುಗಾಲಿಟ್ಟು ಬರುತ್ತಾರೆ. "ಏನ್ರೀ, ನೀವು ಮಾಡ್ಕೊಟ್ಟ ಕೋಲಿಂದ ನಮ್ಮನೆ ಗಿಡದಲ್ಲಿ ಒಂದು ಹೂವೂ ಉಳೀತಿಲ್ಲ!"

ಅವರ ಹಿಂದೆ, ಮಂಜಿನಲ್ಲಿ, ಟಕ್ ಟಕ್ ಸದ್ದು. ತುಂಬಿದ ಕವರ್ ಹಿಡಿದು ಅಂಜನಮ್ಮ ಬರುತ್ತಿದ್ದಾರೆ.

ಲಕ್ಕಪ್ಪ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗುತ್ತಾರೆ. "ಹನ್ನೊಂದು ವರ್ಷದಾಗ ಇಂಥಾ ಕಂಪ್ಲೇಂಟ್ ಬಂದಿರಲಿಲ್ರಿ. ಇದನ್ನ ಮರೀದ ಬರಕೋರಿ."