ತಲೀಸಾಳ ಹೆಸರಿಗೆ ಓಗೊಟ್ಟವರು

ಆರ್ಡೀಲಿಯಾ ಪೆಟ್‌ವೇ ಮಂಡಿ ಕೈಕೊಡುವ ತನಕ ಅಮೆರಿಕದ ಗ್ಯಾರಿ ಊರಿನ ಶಾಲಾ ಬಸ್ಸು ಓಡಿಸಿದವಳು. ಒಮ್ಮೆ ಗದರಿದಳೆಂದರೆ ಇಡೀ ಬಸ್ಸು ಗಪ್‌ಚಿಪ್. ಮಗಳು ರೊಲಾಂಡಾ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಮೊಮ್ಮಗಳು ತಲೀಸಾಳನ್ನು ತಾನೇ ಸಾಕಿದಳು. ಅತ್ತು ಕೂರುವ ಜಾಯಮಾನ ಅವಳದಲ್ಲ. ಬೆಳಿಗ್ಗೆ ಜೋಳದ ಗಂಜಿ ಬೇಯಿಸುತ್ತಾ, ರೇಡಿಯೋ ಜೊತೆ ಜಗಳವಾಡುತ್ತಾ ದಿನ ತಳ್ಳುತ್ತಿದ್ದಳು.

ಮನೆಯೆದುರಿಗೇ ರೊಲಾಂಡಾ ಓದಿದ ಕೆಂಪು ಇಟ್ಟಿಗೆಯ ಸರಕಾರಿ ಶಾಲೆ. ಉಕ್ಕಿನ ಕಾರ್ಖಾನೆ ಸೊರಗಿ, ಬೀದಿಯ ಮಕ್ಕಳು ಕರಗಿ, ಶಾಲೆ ಮುಚ್ಚಿತು. ಕಿಟಕಿಗಳಿಗೆ ಹಲಗೆ ಹೊಡೆದರು. ವರ್ಷಗಳಾದ ಮೇಲೆ ಯಾವುದೋ ಸಂಸ್ಥೆಯವರು ಬಂದು ಬಾಗಿಲಿಗೆ ಹಳದಿ ಬಣ್ಣ ಬಳಿದು ಚಾರ್ಟರ್ ಶಾಲೆ ತೆರೆಯುತ್ತೇವೆಂದರು. ದುಡ್ಡು ಸರಕಾರದ್ದು, ನಡೆಸುವುದು ಅವರು, ಫೀಸಿಲ್ಲ. ಅದು ಬೇಡವೆಂದರೆ ಉಳಿದದ್ದು ರೈಲುಹಳಿಯಾಚೆಯ ಸರಕಾರಿ ಶಾಲೆ. ಅಲ್ಲಿಗೆ ಬಸ್ಸೇ ಗತಿ.

"ರಸ್ತೆ ದಾಟಿದ್ರೆ ಸ್ಕೂಲು. ಇನ್ನೂ ಯೋಚನೆ ಮಾಡ್ತಿದೀಯಲ್ಲ ಆರ್ಡೀಲಿಯಾ, ಬಸ್ ಓಡಿಸಿ ಓಡಿಸಿ ನಿನಗೆ ಬಸ್ಸಿನ ಮೇಲೇ ಮೋಹ!" ಎಂದು ಪಕ್ಕದ ಮನೆಯ ಓಜೆಲಾ ಛೇಡಿಸಿದಳು.

"ಮೋಹವಲ್ಲ ಕಣೇ. ಹೊಸ ಅಂಗಡಿ ಎಷ್ಟು ದಿನ ತೆರೆದಿರುತ್ತೋ ಅಂತ," ಎಂದಳು ಆರ್ಡೀಲಿಯಾ. ಆದರೂ ಮೊಮ್ಮಗಳ ಹೆಸರು ಕೊಟ್ಟಳು.

ಸೀಟಿಗಿಂತ ಮಕ್ಕಳೇ ಹೆಚ್ಚಿದ್ದರಿಂದ ಚೀಟಿ ಎತ್ತುವುದೆಂದಾಯಿತು. ಶನಿವಾರ ಬೆಳಿಗ್ಗೆ ಶಾಲೆಯ ಹಳೆಯ ಆಟದ ಕೊಠಡಿಯಲ್ಲಿ ಜನ ಸೇರಿದರು. ಹೊಸ ಬಣ್ಣದ ಅಡಿಯಿಂದ ಹಳೆಯ ವಾಸನೆ ಬರುತ್ತಿತ್ತು: ಸೀಮೆಸುಣ್ಣ, ಒದ್ದೆ ಉಣ್ಣೆಕೋಟು, ಹಾಲು. ಆರ್ಡೀಲಿಯಾಗೆ ಯಾಕೋ ಕೂತಲ್ಲೇ ಚಳಿ ಹತ್ತಿತು.

ವೇದಿಕೆಯ ಮೇಲೆ ಎಳೆ ವಯಸ್ಸಿನ ಹೆಡ್‌ಮಾಸ್ಟರ್ ಚೀಟಿ ಬಿಡಿಸಿ ಓದಿದ: "ತಲೀಸಾ ಪೆಟ್‌ವೇ!"

ತಲೀಸಾ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ದನಿ ಬಂತು. "ಇದೀನಿ!"

ಕೊನೆಯ ಅಕ್ಷರವನ್ನು ತುಸು ಎಳೆದು, ನಗು ತಡೆದುಕೊಂಡಂಥ ದನಿ. ಆರ್ಡೀಲಿಯಾ ಹೆತ್ತು, ಬೆಳೆಸಿ, ಮಣ್ಣು ಮಾಡಿದ ದನಿ. ತಿರುಗಿ ನೋಡಿದರೆ ಖಾಲಿ ಮಡಿಚು ಕುರ್ಚಿಗಳು. ಹೆಡ್‌ಮಾಸ್ಟರ್ ಮಾತ್ರ ಏನೂ ಆಗಿಲ್ಲವೆಂಬಂತೆ "ಗುಡ್" ಎಂದು ಮುಂದಿನ ಚೀಟಿ ಎತ್ತಿದ. ಓಜೆಲಾ ತಲೀಸಾಳ ಬೆನ್ನು ತಟ್ಟಿ, "ಎಷ್ಟು ಜೋರಾಗಿ ಕೂಗಿದೆಯೇ!" ಎಂದಳು.

ತಲೀಸಾಳ ಮುಖ ಬಿಳಿಚಿತ್ತು. ಕಣ್ಣು ಮಾತ್ರ ಹೊಳೆಯುತ್ತಿತ್ತು.

ಮನೆಗೆ ಬಂದದ್ದೇ ಜಗಳ.

"ನಾನು ಎದುರಿನ ಸ್ಕೂಲಿಗೇ ಹೋಗ್ತೀನಿ ಅಜ್ಜಿ. ಅಮ್ಮ ಇದಾಳೆ ಅಲ್ಲಿ."

"ರೈಲುಹಳಿಯಾಚೆ ಹೋಗ್ತೀಯ."

"ನಿನಗೂ ಕೇಳಿಸ್ತು! ಸುಳ್ಳು ಹೇಳ್ಬೇಡ!"

ಆರ್ಡೀಲಿಯಾ ಸುಳ್ಳು ಹೇಳಲಿಲ್ಲ. ಹುಡುಗಿಯ ಎರಡೂ ಕೈ ಹಿಡಿದುಕೊಂಡು ಎದುರಿಗೆ ಕೂತಳು. "ಕೇಳಿಸ್ತು ಕಂದಾ. ಅದಕ್ಕೇ ಬೇಡ ಅಂತಿರೋದು. ಅವರು ಕರೆದದ್ದು ನಿನ್ನ ಹೆಸರು, ಓಗೊಟ್ಟಿದ್ದು ಅವಳು. ದಿನಾ ಹಾಗೇ ಆದ್ರೆ ನಿನ್ನ ಬಾಯಿ ಸುಮ್ಮನಾಗಿಬಿಡುತ್ತೆ. ಬದುಕಿರೋಳು ನೀನು. ನಿನ್ನ ಹೆಸರಿಗೆ ನೀನೇ ಓಗೊಡ್ಬೇಕು."

ತಲೀಸಾ ವಾರಗಟ್ಟಲೆ ಅಜ್ಜಿಯ ಹತ್ತಿರ ಮಾತು ಬಿಟ್ಟಳು. ಆದರೂ ಶಾಲೆ ಶುರುವಾದ ದಿನ ಮೂತಿ ಊದಿಸಿಕೊಂಡೇ ಬಸ್ಸು ಹತ್ತಿದಳು. ಅಲ್ಲಿ ಗೋಡೆಯ ಗಾರೆ ಉದುರುತ್ತಿತ್ತು, ಪುಸ್ತಕ ಸಾಲುತ್ತಿರಲಿಲ್ಲ. ಆದರೆ ಬ್ಯಾಂಡಿನ ಮೇಷ್ಟ್ರು ಅವಳ ಕೈಗೆ ತುತ್ತೂರಿ ಕೊಟ್ಟರು. ಚಳಿಗಾಲದ ಹೊತ್ತಿಗೆ ಬೀದಿಯವರೆಲ್ಲ ಕಿವಿ ಮುಚ್ಚಿಕೊಳ್ಳುವಷ್ಟು ಊದತೊಡಗಿದಳು. ಮಾತೂ ಮರಳಿತು, ಜೊತೆಗೆ ಎದುರುತ್ತರವೂ.

ಆರ್ಡೀಲಿಯಾ ಮಾತ್ರ ಆ ದನಿಯ ಸೆಳೆತ ತಡೆಯಲಾರದೆ ಹೋದಳು. ಚಾರ್ಟರ್ ಶಾಲೆಯಲ್ಲಿ ಊಟ ಬಡಿಸುವವರು ಬೇಕೆಂದು ಕೇಳಿ ಹೋಗಿ ಸೇರಿಕೊಂಡಳು. "ಮೊಮ್ಮಗಳಿಗೆ ಆಗದ ಸ್ಕೂಲು ನಿನಗಾಯ್ತಾ?" ಎಂದು ಓಜೆಲಾ ನಕ್ಕಳು.

ಮೊದಲ ದಿನ, ಅಡುಗೆಮನೆಯಲ್ಲಿ ಬೀನ್ಸ್ ಕುದಿಯುತ್ತಿತ್ತು. ಕೆಲಸಕ್ಕಿದ್ದವರೆಲ್ಲ ಅದೇ ಬೀದಿಗಳ ಮುದುಕ ಮುದುಕಿಯರು. ಪಾತ್ರೆ ತೊಳೆಯುತ್ತಿದ್ದ ಬರ್ಡೆಟ್ ಮುದುಕನ ತಮ್ಮ ಇದೇ ಶಾಲೆಯಲ್ಲಿ ಓದಿ ಯುದ್ಧದಲ್ಲಿ ಸತ್ತವನು. ರೊಟ್ಟಿ ಕತ್ತರಿಸುತ್ತಿದ್ದವಳ ಅವಳಿ ಹೆಣ್ಣುಮಕ್ಕಳೂ ಇಲ್ಲೇ ಓದುತ್ತಿದ್ದಾಗ ಕೆರೆಯಲ್ಲಿ ಮುಳುಗಿ ಹೋದವರು. ಮೇಲಿನ ಮಹಡಿಯ ತರಗತಿಗಳಲ್ಲಿ ಹಾಜರಿ ಕೂಗುವುದು ಶುರುವಾಯಿತು. ಬರ್ಡೆಟ್ ಹರಿಯುತ್ತಿದ್ದ ನಲ್ಲಿ ನಿಲ್ಲಿಸಿದ. ರೊಟ್ಟಿಯವಳು ಚಾಕು ಕೆಳಗಿಟ್ಟಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆರ್ಡೀಲಿಯಾ ಸೌಟನ್ನು ಮೆಲ್ಲಗೆ ಬದಿಗಿಟ್ಟು, ಮೆಟ್ಟಿಲ ಬಾಗಿಲನ್ನು ಇನ್ನಷ್ಟು ತೆರೆದಳು.